ಗುಬ್ಬಿ ಹತ್ತಿರ ಆದದ್ದರ ಬಗ್ಗೆ, ಮಗಳಿಗೊಂದು ಪತ್ರ

ತಿಪಟೂರು
ಬುಧವಾರ ರಾತ್ರಿ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ಮೂರೇ ಮಾತು. ಭಾನುವಾರ ಬೆಂಗಳೂರಿಗೆ ವಾಪಸ್ ಹೋಗುವಾಗ ಗುಬ್ಬಿ ದಾಟಿದ ಮೇಲೆ ಕಾರು ಬೈಕಿಗೆ ತಾಗಿತು. ಹುಡುಗ ಬಿದ್ದು ಎದ್ದ. ಕೈಗೆ ಎರಡು ಸಾವಿರ ಕೊಟ್ಟು ಬಂದೆ. ಆಮೇಲೆ ನಿನ್ನ ದನಿ ನಡುಗಿತು. ನಾನು "ಸರಿ ಬಿಡು, ನೀನು ಹುಷಾರಾಗಿದ್ದೀಯಲ್ಲ" ಅಂದು ಫೋನ್ ಇಟ್ಟೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಹಾಗೆ ಅನ್ನಬಾರದಿತ್ತು.

ನಿನ್ನ ಮೇಲೆ ಸಿಟ್ಟಿಲ್ಲ ಕಣೆ. ಕಾರು ನಿಲ್ಲಿಸಿದೆ, ಇಳಿದೆ, ಅವನನ್ನು ಮಾತಾಡಿಸಿದೆ, ನಂಬರ್ ತಗೊಂಡೆ. ಕತ್ತಲಲ್ಲಿ ಒಬ್ಬಳೇ ಅಷ್ಟು ಮಾಡಿದೆಯಲ್ಲ, ಅದಕ್ಕೆ ನನಗೆ ಹೆಮ್ಮೆಯಿದೆ. ಆದರೆ ಕೆಲಸ ಅರ್ಧಕ್ಕೆ ನಿಂತಿದೆ.

ಬೆಳಿಗ್ಗೆ ಎದ್ದ ಕೂಡಲೇ ಆ ಹುಡುಗನಿಗೆ ಫೋನ್ ಮಾಡು. ತಲೆನೋವು ಇದೆಯಾ, ವಾಂತಿ ಆಯ್ತಾ, ಕತ್ತು ತಿರುಗಿಸೋಕೆ ಆಗುತ್ತಾ ಅಂತ ಕೇಳು. ಬಿದ್ದ ಗಾಬರಿಯಲ್ಲಿ ನೋವು ಗೊತ್ತಾಗುವುದಿಲ್ಲ. ತಲೆಯ ಪೆಟ್ಟು ಒಂದೆರಡು ದಿನ ಬಿಟ್ಟು ತೋರಿಸಿಕೊಳ್ಳುವುದೂ ಉಂಟು. ಅವನು "ಏನಿಲ್ಲ ಮೇಡಂ" ಅಂದರೂ ಡಾಕ್ಟರಿಗೆ ತೋರಿಸೋಣ. ಆಸ್ಪತ್ರೆಯಲ್ಲಿ ಬೈಕಿನಿಂದ ಬಿದ್ದೆ ಅಂತಲೇ ಹೇಳಲಿ. ಅವರು ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ಕೇಸು, ಅಂತ ಬರೆದುಕೊಳ್ಳುತ್ತಾರೆ, ಬರೆದುಕೊಳ್ಳಲಿ. ಪೊಲೀಸರಿಗೆ ಹೆದರಿ ಮೆಟ್ಟಿಲಿಂದ ಜಾರಿದೆ ಅಂತ ಬರೆಸುವವರು ಬೇಕಾದಷ್ಟು ಜನ. ನಾಳೆ ಚಿಕಿತ್ಸೆಗೆ ದುಡ್ಡು ಜಾಸ್ತಿ ಬೇಕಾದಾಗ ಅದೇ ಸುಳ್ಳು ಅವರ ಕೈ ಕಟ್ಟಿಹಾಕುತ್ತದೆ.

ಆಮೇಲೆ ಸ್ಟೇಷನ್. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಓಡಿಸುವವರಿಗೆ ಮೂರು ಕೆಲಸ ಹೇಳುತ್ತದೆ. ಪೆಟ್ಟಾದವರಿಗೆ ಚಿಕಿತ್ಸೆ ಕೊಡಿಸಬೇಕು. 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಬೇಕು. 24 ಗಂಟೆ ಮೀರಿದೆ, ಗೊತ್ತು. ಆದರೂ ಹೋಗೋಣ. ತಡವಾಗಿ ಬಂದವಳು ಅನ್ನಿಸಿಕೊಂಡರೂ ಪರವಾಗಿಲ್ಲ, ಬಾರದೇ ಇದ್ದವಳು ಆಗಬೇಡ.

ಆ ಎರಡು ಸಾವಿರದ ಬಗ್ಗೆ ಒಂದು ಮಾತು. ದುಡ್ಡು ಕೊಟ್ಟೆ, ಮುಗೀತು ಅಂತ ನಿನಗೆ ಅನ್ನಿಸಿರಬಹುದು. ಅವನಿಗೆ ಮೂಳೆ ಬಿರುಕು ಬಿಟ್ಟಿದ್ದರೆ ಅದು ಯಾವುದಕ್ಕೂ ಸಾಲುವುದಿಲ್ಲ. ನಾವು ವರ್ಷ ವರ್ಷ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಟ್ಟುವುದು ಅಂಥವರಿಗಾಗಿಯೇ ಅಲ್ವಾ? ಅದು ಅವನಿಗೆ ಸಿಗಬೇಕಾದರೆ ಪೊಲೀಸ್ ದಾಖಲೆ ಬೇಕು. ನಿನ್ನ ಬಂಪರ್ ಕಥೆ ಸಣ್ಣದು. ಕಂಪನಿಯ ಸರ್ವೇಯರ್ ನೋಡುವ ತನಕ ಗ್ಯಾರೇಜಿನಲ್ಲಿ ಬಿಚ್ಚಿಸಬೇಡ, ಅಷ್ಟೇ.

ನಿನಗೆ ಯಾವತ್ತೂ ಹೇಳದ ಒಂದು ವಿಷಯ ಇದೆ. ನೀನು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಅರಸೀಕೆರೆಯಿಂದ ಬರುತ್ತಿದ್ದೆ. ರಸ್ತೆ ಪಕ್ಕ ಸೈಕಲ್ ಬಿದ್ದಿತ್ತು, ಪಕ್ಕದಲ್ಲಿ ಒಬ್ಬರು ಮಲಗಿದ್ದರು. ನಾನು ಸ್ಕೂಟರ್ ನಿಧಾನ ಮಾಡಿದೆ, ನಿಲ್ಲಿಸಲಿಲ್ಲ. ಸ್ಟೇಷನ್ನು, ಕೋರ್ಟು ಅಂತ ಅಲೆಸುತ್ತಾರೆ ಅನ್ನೋ ಭಯ. ಅವರು ಏನಾದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಈಗ ಆ ಭಯಕ್ಕೆ ಕಾರಣವಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್, 2019ರ ತಿದ್ದುಪಡಿಯಲ್ಲಿ ಕಾಯ್ದೆಯೇ, ನೆರವಿಗೆ ಬಂದವರ ಪರ ನಿಂತಿದೆ. ಹೆಸರು, ವಿಳಾಸ ಹೇಳಲೇಬೇಕು ಅಂತ ಅವರನ್ನು ಯಾರೂ ಒತ್ತಾಯ ಮಾಡುವಂತಿಲ್ಲ.

ನೀನು ಓಡಾಡುವ ಇದೇ ದಾರಿಯಲ್ಲಿ, 2016ರ ಫೆಬ್ರವರಿಯಲ್ಲಿ, ಗುಬ್ಬಿ ಕಡೆಯ ಹರೀಶ್ ಅನ್ನುವ ಹುಡುಗ ಪಂಚಾಯತ್ ಚುನಾವಣೆಗೆ ಓಟು ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಹೊರಟಿದ್ದ. ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾಯಿತು. ಆ ಸ್ಥಿತಿಯಲ್ಲೂ ಅಂಗದಾನ ಮಾಡಿ ಅಂತ ಕೇಳಿಕೊಂಡ. ಅವನ ಕಣ್ಣುಗಳನ್ನು ದಾನ ಮಾಡಿದರು. ಅವನ ಹೆಸರಿನಲ್ಲೇ ರಾಜ್ಯ ಸರ್ಕಾರ ಸಾಂತ್ವನ ಹರೀಶ್ ಯೋಜನೆ ತಂದಿತು, ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆ. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯೂ ಇದೆ. ಅದರಲ್ಲಿ ಏಳು ದಿನ, ಒಂದೂವರೆ ಲಕ್ಷದವರೆಗೆ. ದುಡ್ಡಿಲ್ಲ ಅಂತ ಯಾರನ್ನೂ ರಸ್ತೆಯಲ್ಲಿ ಕಾಯಿಸಬೇಕಾಗಿಲ್ಲ.

ಇನ್ನೊಂದು ಸಲ ಹೀಗಾಗದಿರಲಿ. ಆದರೆ ತಿಳಿದಿರು. ಎಂಜಿನ್ ಆಫ್ ಮಾಡಿ ನಾಲ್ಕೂ ಇಂಡಿಕೇಟರ್ ಹಾಕು. ಹೆದ್ದಾರಿಯ ಮಧ್ಯೆ ನಿಂತು ಮಾತಾಡಬೇಡ, ರಸ್ತೆ ಬಿಟ್ಟು ಆಚೆ ಸರಿ. 108ಕ್ಕೆ ಆಂಬುಲೆನ್ಸ್, 112ಕ್ಕೆ ಪೊಲೀಸ್. ಕೆಳಗೆ ಬಿದ್ದವರಿಗೆ ಯಾರಾದರೂ ನೀರು ಕುಡಿಸಲು ಬಂದರೆ ತಡಿ. ಪ್ರಜ್ಞೆ ಸರಿಯಿಲ್ಲದವರಿಗೆ ನೀರು ಶ್ವಾಸಕ್ಕೆ ಹೋಗುತ್ತದೆ. ಎಳೆದು ಆಟೋಗೆ ತುಂಬುವುದೂ ಬೇಡ, ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ರಕ್ತ ಸುರಿಯುತ್ತಿದ್ದರೆ ನಿನ್ನ ದುಪಟ್ಟಾವನ್ನೇ ಗಾಯಕ್ಕೆ ಒತ್ತಿ ಹಿಡಿ. ಎರಡೂ ಗಾಡಿಗಳ ನಂಬರ್ ಕಾಣುವ ಹಾಗೆ ನಾಲ್ಕು ಫೋಟೋ ತೆಗಿ. ಜನ ಸೇರಿ ಕೈ ಎತ್ತುವ ಹಾಗಿದ್ದರೆ ಅಲ್ಲಿ ನಿಲ್ಲಬೇಡ, ಕಾಯ್ದೆಯೂ ಅದನ್ನು ಒಪ್ಪುತ್ತದೆ. ಆದರೆ ಅಲ್ಲಿಂದ ಹೊರಟವಳು ನೇರ ಹತ್ತಿರದ ಸ್ಟೇಷನ್‌ಗೇ ಹೋಗಬೇಕು.

ಶುಕ್ರವಾರ ರಜೆ ಹಾಕು. ಕಾರು ಅಲ್ಲೇ ಇರಲಿ, ಬೆಳಗಿನ ಟ್ರೈನಿಗೆ ಬಾ. ನಾನು ಗುಬ್ಬಿ ಸ್ಟೇಷನ್ನಿನಲ್ಲಿ ಕಾಯುತ್ತಿರುತ್ತೇನೆ. ಆರ್‌ಸಿ, ಲೈಸೆನ್ಸು, ಇನ್ಶೂರೆನ್ಸ್ ಪ್ರತಿ ತರುವುದು ಮರೆಯಬೇಡ. ಮೊದಲು ಪೊಲೀಸರ ಹತ್ತಿರ, ಆಮೇಲೆ ಆ ಹುಡುಗನ ಮನೆಗೆ. ಅಮ್ಮ ಅವರ ಮನೆಗೆ ಅಂತ ಕೊಬ್ಬರಿ ಮಿಠಾಯಿ ಕಟ್ಟಿಕೊಡುತ್ತಾಳಂತೆ.

ಅಪ್ಪ