ಕೊನೇ ಮನೆಯಲ್ಲೂ ಹಾಲು ಉಕ್ಕಿತು

ಹೋದ ಸೋಮವಾರ ನಮ್ಮ ಹೊಸ ಬೀದಿಯ ಕೊನೇ ಮನೆಯಲ್ಲೂ ಹಾಲು ಉಕ್ಕಿತು. ಒಂಬತ್ತು ಮನೆ, ಒಂಬತ್ತನ್ನೂ ನಾವೇ ಸೇರಿ ಕಟ್ಟಿಕೊಂಡೆವು. ಕುಣಿಗಲ್ ಸೀಮೆಯವರಿಗೆ ಮುಯ್ಯಾಳು ಹೊಸದೇನಲ್ಲ. ಇವತ್ತು ನಿಮ್ಮ ಹೊಲದಲ್ಲಿ ಕೊಯ್ಲು, ನಾಳೆ ನಮ್ಮ ಹೊಲದಲ್ಲಿ. ಅದನ್ನೇ ಮನೆ ಕಟ್ಟೋಕೂ ತಂದೆವು. ಆದರೆ ನಮ್ಮಿಂದಷ್ಟೇ ಆಗಿದ್ದಲ್ಲ, ಅದಕ್ಕೇ ಈ ನಾಲ್ಕು ಮಾತು.

ಮೊದಲ ನಮಸ್ಕಾರ ಮೇಸ್ತ್ರಿ ಅಣ್ಣನಿಗೆ. ನಮ್ಮ ಕೈಲಿದ್ದದ್ದು ಒಂದೊಂದು ಮನೆಗೂ ಆವಾಸ್ ಯೋಜನೆಯ 1.20 ಲಕ್ಷ, ಜೊತೆಗೆ ನರೇಗಾದ 90 ದಿನದ ಕೂಲಿ. ಅದರಲ್ಲಿ ಸುಟ್ಟ ಇಟ್ಟಿಗೆ ತಂದು, ಆಳು ಇಟ್ಟು ಕಟ್ಟಿಸಿದರೆ ಲಿಂಟಲ್ ಮಟ್ಟಕ್ಕೇ ದುಡ್ಡು ಖಾಲಿ. ಅಣ್ಣ ಬಂದವರೇ ಪಾಯದಿಂದ ತೆಗೆದ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ ಕುಲುಕಿ ಇಟ್ಟರು. ಮರಳು ತಳಕ್ಕೆ ಕೂತಿತು, ಜೇಡಿ ಮೇಲೆ ನಿಂತಿತು. "ಜೇಡಿ ಜಾಸ್ತಿ, ಸ್ವಲ್ಪ ಕ್ರಷರ್ ಪುಡಿ ಬೆರೆಸಿ" ಅಂದರು. ಸುಟ್ಟ ಇಟ್ಟಿಗೆ ಬದಲು ಆ ಮಣ್ಣಿಂದಲೇ ಇಟ್ಟಿಗೆ ಒತ್ತೋದು, ಅದಕ್ಕೆ ನೂರಕ್ಕೆ 7 ಪಾಲು ಸಿಮೆಂಟ್. ಅಚ್ಚಿನ ಮೆಷಿನ್ನಿನ ಉದ್ದ ಹಿಡಿಯನ್ನು ಇಬ್ಬರು ಹಾರಿ ಜಗ್ಗಬೇಕು, ಆಗ 8 ಕೆಜಿ ತೂಕದ ಇಟ್ಟಿಗೆ ಹೊರಗೆ ಬರುತ್ತೆ. ಭಟ್ಟಿ ಇಲ್ಲ, ಸೌದೆ ಇಲ್ಲ. ಮೂರು ವಾರ ಗೋಣಿಚೀಲ ಹೊದಿಸಿ ನೀರುಣಿಸಿದರೆ ಸಾಕು. ಆ ನೀರಿನ ಪಾಳಿ ಒಂದು ದಿನವೂ ತಪ್ಪದ ಹಾಗೆ ನೋಡಿಕೊಂಡ ಮೂಲೆಮನೆ ಅಜ್ಜಿಗೆ ದೊಡ್ಡ ನಮಸ್ಕಾರ. ಅಜ್ಜಿ ಬೈಗುಳ ತಿನ್ನದವರು ಯಾರೂ ಉಳಿದಿಲ್ಲ!

ಈ ವಿದ್ಯೆ ಎಲ್ಲಿಂದಲೋ ಬಂದದ್ದಲ್ಲ. ವಿಜ್ಞಾನಿ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ), ವಿಜ್ಞಾನವನ್ನು ಹಳ್ಳಿಗಳ ಉಪಯೋಗಕ್ಕೆ ತರೋಕೆ ಅಂತ ಶುರು ಮಾಡಿದ 'ಅಸ್ತ್ರ'ದವರು ನಮ್ಮ ತಾಲ್ಲೂಕಿನ ಉಂಗ್ರದಲ್ಲೇ ಕೇಂದ್ರ ಮಾಡಿಕೊಂಡು ಕೆಲಸ ಮಾಡಿದವರು. ಪ್ರೊ. ಕೆ.ಎಸ್. ಜಗದೀಶ್ ಅಂಥವರು ಮಣ್ಣಿನ ಇಟ್ಟಿಗೆಯ ಹದ ಕಂಡುಕೊಂಡರು. ಅವರ ಕೆಲಸದ ಫಲ ಇಷ್ಟು ವರ್ಷ ಆದಮೇಲೆ ನಮಗೆ ಸಿಕ್ಕಿದೆ. ಪಕ್ಕದಲ್ಲೇ ಇದ್ದರೂ ನಾವೇ ತಡವಾಗಿ ನೋಡಿದ್ದು, ಅಲ್ವಾ?

ಯಾರ ಮನೆ ಮೊದಲು ಅನ್ನೋದಕ್ಕೆ ಚೀಟಿ ಎತ್ತಿದೆವು. ಒಂಬತ್ತನೇ ಚೀಟಿ ಬಂದದ್ದು ಎರಡು ಮಕ್ಕಳನ್ನು ಕಟ್ಟಿಕೊಂಡು ಶೀಟಿನ ಗುಡಿಸಲಲ್ಲಿದ್ದ ಅಕ್ಕನಿಗೆ. ಮನೆ ಆದಮೇಲೆ ಬೇರೆಯವರ ಕೆಲಸಕ್ಕೆ ಬರೋದು ಬಿಡ್ತಾರೆ ಅನ್ನೋ ಭಯ ಎಲ್ಲರಿಗೂ ಇತ್ತು. ಸುಮ್ನೆ ಯಾಕೆ ಮುಚ್ಚಿಡೋದು, ಒಂದಿಬ್ಬರು ನಿಧಾನವಾಗಿ ಜಾರಿಕೊಳ್ಳೋಕೆ ನೋಡಿದರು. ಅಕ್ಕ ಮಾತ್ರ ಎಂಟು ಮನೆಗೂ ಬುಟ್ಟಿ ಹೊತ್ತರು. ಅಷ್ಟೇ ಅಲ್ಲ, ಮೂರನೇ ಮನೆ ಹೊತ್ತಿಗೆ ತೂಗುಗುಂಡು ಹಿಡಿಯೋದು ಕಲಿತು, ಆರನೇ ಮನೆಯಲ್ಲಿ ಮೂಲೆ ಕಟ್ಟೋಕೇ ನಿಂತರು. ಅವರ ಪಾಲು ಬಂದಾಗ ಜಾರಿಕೊಂಡವರಿಗೂ ಮನೇಲಿ ಕೂರೋಕೆ ಮುಖ ಇರಲಿಲ್ಲ. ಅಕ್ಕ, ನಮ್ಮೆಲ್ಲರ ಗೋಡೆ ನಿಂತಿರೋದು ನಿಮ್ಮಿಂದ.

ಹಂತಹಂತಕ್ಕೂ ಬಂದು ಜಿಪಿಎಸ್ ಫೋಟೋ ತೆಗೆದುಕೊಂಡು ಹೋದ ಪಂಚಾಯ್ತಿಯವರಿಗೆ, ಉದ್ರಿ ಕೊಟ್ಟ ಸಿಮೆಂಟ್ ಅಂಗಡಿಯವರಿಗೆ, ಮುದ್ದೆ ಸಾರು ಮಾಡಿ ಕಳಿಸಿದ ಮನೆಗಳಿಗೆ ಶರಣು. "ಮಳೆಗೆ ಕರಗುತ್ತೆ ನೋಡ್ತಿರಿ" ಅಂದವರಿಗೂ! ಅವರ ಮಾತಿನಿಂದಲೇ ಸೂರು ಎರಡಡಿ ಹೊರಕ್ಕೆ ಚಾಚಿದೆವು.

ಸಾಲ ಆಗಲೇ ಇಲ್ಲ ಅಂತ ಹೇಳಲಾರೆ. ಕಬ್ಬಿಣಕ್ಕೆ, ಕಿಟಕಿ ಬಾಗಿಲಿಗೆ ಸಂಘದಲ್ಲಿ ಎತ್ತಿದ್ದೇವೆ, ತಿಂಗಳಾ ಕಂತು ಕಟ್ಟುತ್ತಿದ್ದೇವೆ.

ಮೆಷಿನ್ ತೊಳೆದು, ಗ್ರೀಸ್ ಹಚ್ಚಿ ಶಾಲೆ ಹಿಂದಿನ ಶೆಡ್ಡಲ್ಲಿ ಇಟ್ಟಿದ್ದೇವೆ. ಸುತ್ತಲಿನ ಊರಿನವರು ಕಟ್ಟೋದಾದರೆ ಬಾಡಿಗೆ ಬೇಡ. ಕಲಿಸೋಕೆ ಅಕ್ಕ ಬರ್ತಾರೆ, ಆದರೆ ಅವರಿಗೆ ಮೇಸ್ತ್ರಿ ಕೂಲಿಯನ್ನೇ ಕೊಡಬೇಕು.