ಒಂದು ಮುಚ್ಚಿದ ಪತ್ರದ ಬಗ್ಗೆ ಒಂದು ಬಹಿರಂಗ ಪತ್ರ

ಮೈಸೂರು–ಕೊಡಗು ಕ್ಷೇತ್ರದ ಮಾನ್ಯ ಸಂಸದರಿಗೆ,

ನಮಸ್ಕಾರ.

ಸೋಮವಾರಪೇಟೆ ಪಕ್ಕ ನನಗೆ ಆರು ಎಕರೆ ಕಾಫಿ ತೋಟ ಇದೆ. ಸಂಬಳಕ್ಕೆ ಮಾಡಿದ್ದು ಮೇಷ್ಟ್ರ ಕೆಲಸ. ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದೆ. ನಿವೃತ್ತಿ ಆದಮೇಲೆ ಪಾಠ ಕೇಳುವವರು ಸಿಗುತ್ತಿಲ್ಲ. ಹಾಗಾಗಿ ಈ ಪತ್ರದಲ್ಲಿ ಅಲ್ಲಲ್ಲಿ ತರಗತಿಯ ಧಾಟಿ ನುಸುಳಿದರೆ ಸಹಿಸಿಕೊಳ್ಳಿ.

ನಾನು ನಿಮ್ಮಲ್ಲಿ ರಸ್ತೆ ಕೇಳುತ್ತಿಲ್ಲ. ಆನೆ ಕಂದಕವನ್ನೂ ಕೇಳುತ್ತಿಲ್ಲ. (ಎರಡೂ ಬೇಕು, ಅದಕ್ಕೆ ಬೇರೆ ಅರ್ಜಿ ಬರುತ್ತದೆ.) ನಾನು ಕೇಳುತ್ತಿರುವುದು ಒಂದು ಕಾಗದ. 2022ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಕೇಂದ್ರ ಸರ್ಕಾರಕ್ಕೆ ಒಂದು ವರದಿ ಬರೆದು ಕಳಿಸಿತು. ಬೆಲೆ ಏರಿಕೆಯನ್ನು ಹಿಡಿತದಲ್ಲಿ ಇಡಲು ಯಾಕೆ ಆಗಲಿಲ್ಲ ಎಂದು ಅದರಲ್ಲಿ ಬರೆಯಬೇಕಿತ್ತು. ಅದನ್ನು ನಾವು ಯಾರೂ ಓದಿಲ್ಲ.

ಇಷ್ಟು ಹಳೆಯ ಕಾಗದ ಈಗ ಯಾಕೆ ನೆನಪಾಯಿತು ಅಂತ ಕೇಳಬಹುದು. ನೆನಪು ಮಾಡಿದ್ದು ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಒಬ್ಬ ಹೆಂಗಸು. 2025ರ ಅಕ್ಟೋಬರ್ ತಿಂಗಳ ಹಣದುಬ್ಬರ ಬರೀ 0.25 ಶೇಕಡ ಎಂದು ಸುದ್ದಿ ಬಂತು. ಆ ಲೆಕ್ಕದ ಸರಣಿ ಶುರುವಾದಾಗಿನಿಂದ ಅಷ್ಟು ಕಡಿಮೆ ಯಾವತ್ತೂ ಆಗಿರಲಿಲ್ಲವಂತೆ. ಮಾರನೇ ದಿನವೋ ಏನೋ, ಕಣದಲ್ಲಿ ನಿಂತು ಆಕೆ ಕೇಳಿದರು: "ಮೇಷ್ಟ್ರೇ, ಟಿವೀಲಿ ಸಾಮಾನಿನ ರೇಟು ಇಳಿದಿದೆ ಅಂತಾರಲ್ಲ, ಯಾವ ಅಂಗಡೀಲಿ?"

ನಗು ಬಂತು. ಆಮೇಲೆ ಉತ್ತರ ಹೇಳಲು ಕೂತೆ. ಕುಶಾಲನಗರದಿಂದ ಮಡಿಕೇರಿಗೆ ಹತ್ತುವ ಬಸ್ಸು ನೋಡಿದ್ದೀರಲ್ವಾ? ಆನೆಕಾಡು ದಾಟಿ ಏರು ಬಂದ ಕಡೆ ನಿಧಾನ ಆಗುತ್ತದೆ. ನಿಧಾನ ಆಯಿತು ಎಂದರೆ ವಾಪಸ್ ಕುಶಾಲನಗರಕ್ಕೆ ಇಳಿಯಿತು ಅಂತಲ್ಲ. ಹಣದುಬ್ಬರ ಎನ್ನುವುದು ಬಸ್ಸಿನ ವೇಗ. ಬೆಲೆ ಎನ್ನುವುದು ಬಸ್ಸು ತಲುಪಿರುವ ಎತ್ತರ. ನೂರು ರೂಪಾಯಿಯ ಎಣ್ಣೆ ನೂರೈವತ್ತಕ್ಕೆ ಹೋಗಿ ಅಲ್ಲೇ ನಿಂತರೆ ಪೇಪರಿನಲ್ಲಿ ಹಣದುಬ್ಬರ ಸೊನ್ನೆ. ಆಕೆಯ ಕೈಯಿಂದ ಹೋಗುವುದು ಮಾತ್ರ ನೂರೈವತ್ತೇ. ಆ ತಿಂಗಳು ತರಕಾರಿ ಹಿಂದಿನ ವರ್ಷಕ್ಕಿಂತ ನಿಜಕ್ಕೂ ಅಗ್ಗವಾಗಿತ್ತು. ಅಡುಗೆ ಎಣ್ಣೆ ಆಗಿರಲಿಲ್ಲ.

ಆಕೆ ಎಲ್ಲ ಕೇಳಿ, "ಹಂಗಾದ್ರೆ ಬಸ್ಸನ್ನ ಅಷ್ಟು ಮೇಲೆ ಹತ್ತಿಸಿದವರು ಯಾರು?" ಅಂದರು. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಉತ್ತರದ ಒಂದು ಪಾಲು ಆ ಮುಚ್ಚಿದ ಪತ್ರದಲ್ಲಿ ಇರಬೇಕು.

ವಿಷಯ ನಿಮಗೆ ಗೊತ್ತಿರುತ್ತದೆ, ಪತ್ರ ಓದುವ ಉಳಿದವರಿಗಾಗಿ ಹೇಳುತ್ತೇನೆ. 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಯನ್ನು ಸಂಸತ್ತು ತಿದ್ದಿತು. ಹಣದುಬ್ಬರವನ್ನು 4 ಶೇಕಡದ ಸುತ್ತ ಇಡಬೇಕು, 2ಕ್ಕಿಂತ ಕೆಳಗೆ ಹೋಗಬಾರದು, 6 ದಾಟಬಾರದು ಎಂದು ಗುರಿ ಹಾಕಿದರು. ಬಡ್ಡಿ ದರ ತೀರ್ಮಾನಿಸಲು ಆರು ಜನರ ಸಮಿತಿ. ಮೂವರು ರಿಸರ್ವ್ ಬ್ಯಾಂಕಿನವರು, ಮೂವರನ್ನು ಸರ್ಕಾರ ನೇಮಿಸುತ್ತದೆ. 2021ರ ಮಾರ್ಚ್‌ನಲ್ಲಿ ಅದೇ ಗುರಿಯನ್ನು ಇನ್ನೂ 5 ವರ್ಷಕ್ಕೆ ಮುಂದುವರಿಸಿದರು. ಸತತ ಮೂರು ತ್ರೈಮಾಸಿಕ ಗುರಿ ತಪ್ಪಿದರೆ ಬ್ಯಾಂಕ್ ಸರ್ಕಾರಕ್ಕೆ ಬರೆದು ಒಪ್ಪಿಸಬೇಕು: ಯಾಕೆ ತಪ್ಪಿತು, ಏನು ಮಾಡುತ್ತೀರಿ, ಎಷ್ಟು ದಿನದಲ್ಲಿ ಸರಿಹೋಗುತ್ತದೆ. ಕಾಯ್ದೆಯ 45ಝಡ್‌ಎನ್ ಕಲಂ. ಒಳ್ಳೆಯ ಕಲಂ. ಪರೀಕ್ಷೆಯಲ್ಲಿ ಫೇಲಾದ ಹುಡುಗನ ಹತ್ತಿರ ನಾನು ಕೇಳುತ್ತಿದ್ದುದೂ ಇದೇ ಮೂರು ಪ್ರಶ್ನೆ.

2022ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ ಪ್ರತಿ ತಿಂಗಳೂ ಹಣದುಬ್ಬರ 6ರ ಮೇಲೆಯೇ ಇತ್ತು. ಏಪ್ರಿಲ್‌ನಲ್ಲಿ 7.79. ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಗಿತ್ತು, ಸೂರ್ಯಕಾಂತಿ ಎಣ್ಣೆ ಹೆಚ್ಚಾಗಿ ಬರುತ್ತಿದ್ದುದೇ ಅಲ್ಲಿಂದ. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಪಾಮ್ ಎಣ್ಣೆ ಹೊರಗೆ ಕಳಿಸುವುದನ್ನೇ ನಿಲ್ಲಿಸಿತು. ಕೂಲಿ ಲೈನ್‌ಗಳ ಅಡುಗೆಮನೆಗೆ ಜಕಾರ್ತಾದ ಆದೇಶ ಎಷ್ಟು ಬೇಗ ತಲುಪುತ್ತದೆ ಎಂದು ಆವತ್ತು ನೋಡಿದೆವು. ಪೊಟ್ಯಾಶ್ ಗೊಬ್ಬರವೂ ಹಾಗೇ. ಅದು ನಮ್ಮ ದೇಶಕ್ಕೆ ಬರುವುದೆಲ್ಲ ಹೊರಗಿನಿಂದಲೇ. ಆ ವರ್ಷ ಚೀಲದ ರೇಟು ಕೇಳಿ ಎಷ್ಟೋ ಜನ ಗಿಡಕ್ಕೆ ಅರ್ಧ ಹಾಕಿ ಸುಮ್ಮನಾದರು.

ರಿಸರ್ವ್ ಬ್ಯಾಂಕ್ 2020ರ ಮೇ ತಿಂಗಳಿಂದ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, 4 ಶೇಕಡದಲ್ಲೇ ಇಟ್ಟುಕೊಂಡು ಕೂತಿತ್ತು. 2022ರ ಮೇ 4ರಂದು ದಿಢೀರನೆ ಸಭೆ ನಡೆಸಿ 4.40 ಮಾಡಿತು. ಅಲ್ಲಿಂದ ಏರಿಸುತ್ತಾ ಏರಿಸುತ್ತಾ 2023ರ ಫೆಬ್ರವರಿಗೆ 6.50. ನನ್ನ ಮಗಳು ಮೈಸೂರಿನಲ್ಲಿ ಮನೆ ಸಾಲ ಮಾಡಿದ್ದಳು. 20 ವರ್ಷದ 30 ಲಕ್ಷದ ಸಾಲಕ್ಕೆ ಬಡ್ಡಿ 7ರಿಂದ 9.5 ಆದರೆ ತಿಂಗಳ ಕಂತು 23,259ರಿಂದ 27,964ಕ್ಕೆ ಹೋಗುತ್ತದೆ. ನಾನೇ ಕೂತು ಲೆಕ್ಕ ಹಾಕಿದ್ದು. ಕೈಗೆ ಬರುವ ಸಂಬಳ ಅಷ್ಟೇ ಇತ್ತು.

ಇಲ್ಲಿ ನನ್ನ ಕುತೂಹಲ ಇರುವುದು ಬೇರೆ ಕಡೆ. ಬಡ್ಡಿ ಏರಿಸಿದರೆ ಉಕ್ರೇನಿನಲ್ಲಿ ಸೂರ್ಯಕಾಂತಿ ಬೆಳೆಯುವುದಿಲ್ಲ. ಟೊಮೆಟೊ ಕೂಡ ರೆಪೊ ದರ ಕೇಳಿ ಹಣ್ಣಾಗುವುದಿಲ್ಲ. ಬಡ್ಡಿ ಏರಿಸುವುದು ಜನ ಸಾಲ ಮಾಡಿ ಖರ್ಚು ಮಾಡುವುದನ್ನು ತಗ್ಗಿಸಲು. ಹಾಗಾದರೆ ತಪ್ಪಿದ್ದು ಎಲ್ಲಿ? ಯುದ್ಧದಿಂದಲೋ, ಅಥವಾ 4 ಶೇಕಡಕ್ಕೆ ತುಂಬಾ ದಿನ ಅಂಟಿಕೊಂಡಿದ್ದರಿಂದಲೋ? ಎರಡರಿಂದಲೂ ಇರಬಹುದು. ಪಾಲು ಎಷ್ಟೆಷ್ಟು?

ಇನ್ನೊಂದು ಪ್ರಶ್ನೆಯೂ ಇದೆ, ಅದು ಕಾಫಿ ಬೆಳೆಗಾರನಿಗೆ ಹತ್ತಿರದ್ದು. ಅದೇ ವರ್ಷ ಅಮೆರಿಕದ ಕೇಂದ್ರ ಬ್ಯಾಂಕ್ ತನ್ನ ಬಡ್ಡಿಯನ್ನು ಸೊನ್ನೆಯ ಹತ್ತಿರದಿಂದ ಡಿಸೆಂಬರ್ ಹೊತ್ತಿಗೆ 4.25–4.50ಕ್ಕೆ ಒಯ್ದಿತು. ಜಾಸ್ತಿ ಬಡ್ಡಿ ಸಿಗುವ ಕಡೆ ದುಡ್ಡು ಓಡುತ್ತದೆ. ಡಾಲರ್ ದುಬಾರಿ ಆಯಿತು. ವರ್ಷದ ಶುರುವಿನಲ್ಲಿ 75ರ ಹತ್ತಿರ ಇದ್ದದ್ದು ಅಕ್ಟೋಬರ್‌ನಲ್ಲಿ 83 ದಾಟಿತು. 2021ರ ಸೆಪ್ಟೆಂಬರ್‌ನಲ್ಲಿ ಸುಮಾರು 64,200 ಕೋಟಿ ಡಾಲರ್ ಇದ್ದ ನಮ್ಮ ವಿದೇಶಿ ವಿನಿಮಯ ಸಂಗ್ರಹ ಆ ಹೊತ್ತಿಗೆ 52,500 ಕೋಟಿ ಡಾಲರ್ ಆಸುಪಾಸಿಗೆ ಇಳಿದಿತ್ತು. ಸ್ವಲ್ಪ ಭಾಗ ರೂಪಾಯಿ ಕುಸಿಯದಂತೆ ಡಾಲರ್ ಮಾರಿದ್ದರಿಂದ, ಸ್ವಲ್ಪ ಭಾಗ ಸಂಗ್ರಹದಲ್ಲಿದ್ದ ಬೇರೆ ಕರೆನ್ಸಿಗಳ ಬೆಲೆ ಡಾಲರ್ ಮುಂದೆ ಬಿದ್ದಿದ್ದರಿಂದ. ಹಾಗಾದರೆ ಬಡ್ಡಿ ಏರಿಸಿದ್ದು ಸಾಮಾನಿನ ಬೆಲೆಗಾಗಿಯೋ, ರೂಪಾಯಿಯನ್ನು ಹಿಡಿಯಲೋ? ಕಾಯ್ದೆ ಗುರಿ ಕೊಟ್ಟಿರುವುದು ಬೆಲೆಗೆ ಮಾತ್ರ.

ಒಂದು ತಪ್ಪೊಪ್ಪಿಗೆ. ರೂಪಾಯಿ ಬಿದ್ದರೆ ನನಗೆ ಲಾಭ. ದೇಶದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಹೊರದೇಶಕ್ಕೆ ಹೋಗುತ್ತದೆ. ರೊಬಸ್ಟಾ ಕಾಫಿಯ ರೇಟು ಲಂಡನ್ನಿನಲ್ಲಿ ಡಾಲರ್‌ನಲ್ಲಿ ಕುದುರುತ್ತದೆ. ಟನ್ನಿಗೆ 4,000 ಡಾಲರ್ ಇದೆ ಅಂದುಕೊಳ್ಳಿ. ಡಾಲರ್ ಒಂದು ರೂಪಾಯಿ ಏರಿದರೆ ಕ್ಲೀನ್ ಕಾಫಿಗೆ, ಅಂದರೆ ಸಿಪ್ಪೆ ತೆಗೆದ ಬೀಜಕ್ಕೆ, ಕೆಜಿಗೆ 4 ರೂಪಾಯಿ. 50 ಕೆಜಿ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಚೀಲಕ್ಕೆ ಔಟ್‌ಟರ್ನ್ 26, ಅಂದರೆ 26 ಕೆಜಿ ಬೀಜ, ಬಂದರೆ ನೂರು ರೂಪಾಯಿ ಚಿಲ್ಲರೆ. ಸುಮ್ನೆ ಕೂತಲ್ಲೇ! 2020ರಲ್ಲಿ ಮೂರೂವರೆ ಸಾವಿರದ ಆಸುಪಾಸು ಓಡಾಡುತ್ತಿದ್ದ ರೊಬಸ್ಟಾ ಚೆರ್ರಿ ಚೀಲ 2025ರಲ್ಲಿ ಹತ್ತು ಸಾವಿರ ದಾಟಿತು. ಅದರಲ್ಲಿ ದೊಡ್ಡ ಪಾಲು ಬ್ರೆಜಿಲ್, ವಿಯೆಟ್ನಾಂಗಳ ಹವಾಮಾನದ್ದು. ಡಾಲರಿನದ್ದೂ ಒಂದು ಪಾಲು ಇದೆ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ದಾಟಿದಾಗ ಕಾಫಿ ಗೋಡೌನ್ ಮುಂದೆ ನಿಂತವರ ಮುಖ ನೋಡಬೇಕಿತ್ತು.

ಅದೇ ಡಾಲರಿಗೆ ಇನ್ನೊಂದು ಮುಖ ಇದೆ. ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ 85 ಶೇಕಡಕ್ಕಿಂತ ಹೆಚ್ಚು, ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದ್ದು. ಸ್ಪ್ರಿಂಕ್ಲರ್ ಪಂಪಿಗೆ ಡೀಸೆಲ್, ಗಿಡಕ್ಕೆ ಪೊಟ್ಯಾಶ್, ಆ ಹೆಂಗಸಿನ ಬಾಣಲೆಗೆ ಪಾಮ್ ಎಣ್ಣೆ. ನನಗೆ ಕಾಫಿಯಲ್ಲಿ ವಾಪಸ್ ಬರುತ್ತದೆ. ಆಕೆಗೆ ಯಾವುದರಲ್ಲಿ ಬರುತ್ತದೆ? ಕೂಲಿಯಲ್ಲಿ ಬರಬೇಕು. ಅದು ಬರುವಷ್ಟರಲ್ಲಿ ಎರಡು ಹುತ್ತರಿ ಕಳೆದಿರುತ್ತದೆ. ಇದನ್ನು ನಾನು ಪಾಠದಲ್ಲಿ ಹೇಳುತ್ತಿದ್ದೆ. ತೋಟದ ಕಡೆಯಿಂದ ನೋಡಿದಾಗ ಮಾತ್ರ ಹೇಳಲು ನಾಚಿಕೆ ಆಗುತ್ತದೆ.

ಡಾಲರ್ ಖಾಲಿಯಾದರೆ ಏನಾಗುತ್ತದೆ ಎನ್ನುವುದನ್ನೂ ನಮ್ಮ ತಲೆಮಾರು ಕಂಡಿದೆ. 1991ರಲ್ಲಿ ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ಕೆಲವೇ ವಾರದ ಆಮದಿಗೆ ಸಾಕಾಗುವಷ್ಟು ಡಾಲರ್ ಉಳಿದಿತ್ತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಅಡವಿಡಲು ವಿಮಾನದಲ್ಲಿ ಕಳಿಸಿತು. ಜುಲೈ 1 ಮತ್ತು 3ರಂದು ರೂಪಾಯಿ ಬೆಲೆ ಇಳಿಸಿದರು. ಆಗ ಅಪ್ಪ ಕಾಫಿಯನ್ನು, ಎಲ್ಲರ ಕಾಫಿ ಒಟ್ಟು ಸೇರಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್‌ಗೆ ಕೊಡುತ್ತಿದ್ದರು. ಬೇರೆಯವರಿಗೆ ಮಾರುವ ಹಾಗಿರಲಿಲ್ಲ. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಯಾವ ರೇಟಿಗೆ ಹೋಯಿತು, ಕೊನೆ ಕಂತು ಯಾವಾಗ, ಯಾರೂ ಹೇಳುತ್ತಿರಲಿಲ್ಲ. ಡಾಲರ್ ಏರಿದ್ದರಲ್ಲಿ ತನ್ನ ಪಾಲು ಎಷ್ಟು ಎಂದು ಅಪ್ಪನಿಗೆ ಕೊನೆವರೆಗೂ ಗೊತ್ತಾಗಲಿಲ್ಲ. 1990ರ ದಶಕದಲ್ಲಿ ಹಂತ ಹಂತವಾಗಿ ಪೂಲ್ ಹೋಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಮಂಜು ಹೆಪ್ಪುಗಟ್ಟಿ ಬೆಳೆ ಸುಟ್ಟು ರೇಟು ಹಾರಿದಾಗ ಅಪ್ಪ ಪೇಪರ್ ನೋಡಿ, ಯೋಚಿಸಿ, ತಾನೇ ಮಾರಿದರು. ಆಮೇಲೆ 2001ರ ಸುಮಾರಿಗೆ ರೇಟು ನೆಲಕಚ್ಚಿದಾಗ ಪೆಟ್ಟೂ ತಿಂದರು. ಆದರೆ ಲೆಕ್ಕ ಕಣ್ಣ ಮುಂದೆ ಇತ್ತು. ಮುಚ್ಚಿದ ಲೆಕ್ಕದ ರುಚಿ ಏನು ಅಂತ ಕೊಡಗಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಆ ಪತ್ರವನ್ನು ಪ್ರಕಟಿಸಬಾರದು ಎಂದು ಕಾಯ್ದೆ ಹೇಳುವುದಿಲ್ಲ. ಪ್ರಕಟಿಸಿ ಎಂದೂ ಹೇಳುವುದಿಲ್ಲ. ಅದನ್ನೇ ಹಿಡಿದುಕೊಂಡು, ಪ್ರಕಟಿಸಲು ಕಾಯ್ದೆಯಲ್ಲಿ ಅವಕಾಶ ಇಲ್ಲ ಎಂದು ಸರ್ಕಾರ ಸಂಸತ್ತಿನಲ್ಲಿ ಉತ್ತರ ಕೊಟ್ಟಿತು. ತಾನಾಗಿ ಬಿಡುಗಡೆ ಮಾಡುವ ಅಧಿಕಾರ ತನಗಿಲ್ಲ ಎಂದು ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಅವರೂ ಹೇಳಿದ್ದರು. ಬರೆದವರು ಪಡೆದವರ ಕಡೆ ಬೆರಳು ತೋರಿಸುತ್ತಾರೆ, ಪಡೆದವರು ಕಾಯ್ದೆ ಕಡೆ ತೋರಿಸುತ್ತಾರೆ. ಕಾಯ್ದೆ ಮಾಡುವವರು ನೀವು.

ಪತ್ರ ಹೊರಬಿದ್ದರೆ ಮಾರುಕಟ್ಟೆ ಹೆದರುತ್ತದೆ ಎನ್ನುವ ವಾದ ಉಂಟು. ಬ್ರಿಟನ್ನಿನಲ್ಲಿ ಹಣದುಬ್ಬರ 2 ಶೇಕಡದ ಗುರಿಯಿಂದ ಒಂದಕ್ಕಿಂತ ಜಾಸ್ತಿ ಸರಿದರೆ ಅಲ್ಲಿನ ಕೇಂದ್ರ ಬ್ಯಾಂಕಿನ ಗವರ್ನರ್ ಹಣಕಾಸು ಸಚಿವರಿಗೆ ಬಹಿರಂಗ ಪತ್ರ ಬರೆಯಬೇಕು. ಮೊದಲ ಪತ್ರ 2007ರ ಏಪ್ರಿಲ್‌ನಲ್ಲಿ ಬಂತು. ಆಮೇಲೂ ಎಷ್ಟೋ ಬಂದಿವೆ, ಯಾರು ಬೇಕಾದರೂ ಓದಬಹುದು. ಅಲ್ಲಿನ ಮಾರುಕಟ್ಟೆ ಪತ್ರ ಓದಿ ಸತ್ತಿಲ್ಲ. ನಮ್ಮದಂತೂ ಈಗ ಇಷ್ಟು ಹಳತಾಗಿದೆ, ಹೆದರಿಸುವ ಶಕ್ತಿ ಅದಕ್ಕೆ ಎಲ್ಲಿಂದ ಬರಬೇಕು?

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. 2025ರ ಮಾರ್ಚ್‌ನಲ್ಲಿ ಸಂಸದರ ಸಂಬಳ ತಿಂಗಳಿಗೆ 1 ಲಕ್ಷದಿಂದ 1.24 ಲಕ್ಷ ಆಯಿತು. 2023ರ ಏಪ್ರಿಲ್‌ನಿಂದಲೇ ಅನ್ವಯ. ಹಣದುಬ್ಬರದ ಸೂಚ್ಯಂಕ ನೋಡಿ ಏರಿಸಿದ್ದು. ತಪ್ಪು ಅಂತ ನಾನು ಹೇಳುವುದಿಲ್ಲ, ನನ್ನ ಪಿಂಚಣಿಗೂ ತುಟ್ಟಿಭತ್ಯೆ ಬರುತ್ತದೆ. ಆದರೆ ಬೆಲೆ ಏರಿದ್ದರ ಪರಿಹಾರ ನಿಮಗೂ ನನಗೂ ತಾನಾಗಿ ಬರುತ್ತಿರುವಾಗ, ಬೆಲೆ ಯಾಕೆ ಏರಿತು ಎಂಬ ಕಾಗದವಾದರೂ ಆ ಹೆಂಗಸಿಗೆ ಸಿಗಬಾರದಾ?

ನನ್ನ ಬೇಡಿಕೆ ಸಣ್ಣದು. ಮುಂದಿನ ಅಧಿವೇಶನದಲ್ಲಿ 2022ರ ಆ ವರದಿಯನ್ನು ಸದನದ ಮುಂದೆ ಇಡುತ್ತೀರಾ ಎಂದು ಒಂದು ಪ್ರಶ್ನೆ ಕೇಳಿ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಒಳ್ಳೆಯದು, ಎದ್ದು ನಿಂತು ಉಪಪ್ರಶ್ನೆ ಕೇಳಬಹುದು. ಆಮೇಲೆ 45ಝಡ್‌ಎನ್ ಕಲಂಗೆ ಒಂದೇ ಒಂದು ಸಾಲು ಸೇರಿಸುವ ಖಾಸಗಿ ಮಸೂದೆ (ಸಚಿವರಲ್ಲದ ಸಂಸದರು ತಾವೇ ತರುವ ಮಸೂದೆ) ಕೊಡಿ: ಇಂಥ ವರದಿಯನ್ನು ಇಷ್ಟು ದಿನದೊಳಗೆ ಸಂಸತ್ತಿನಲ್ಲಿ ಮಂಡಿಸಬೇಕು ಎಂದು. ಖಾಸಗಿ ಮಸೂದೆಗಳು ಪಾಸಾಗುವುದಿಲ್ಲ ಅಂತ ನನಗೂ ಗೊತ್ತು. ಕಡತದಲ್ಲಾದರೂ ಇರಲಿ.

ವರದಿ ಸಿಕ್ಕಿದರೆ ಒಂದು ಪ್ರತಿ ನನಗೆ ಕಳಿಸಿ. ಇಂಗ್ಲಿಷಿನಲ್ಲೇ ಇರುತ್ತದೆ. ಕನ್ನಡಕ್ಕೆ ನಾನು ತರುತ್ತೇನೆ. ನಮ್ಮ ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ, ಗೊಬ್ಬರದ ರೇಟು ಬರೆಯುತ್ತಾರಲ್ಲ, ಅದರ ಪಕ್ಕ ಜಾಗ ಇದೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಉಪನ್ಯಾಸಕ ಮತ್ತು ಸಣ್ಣ ಬೆಳೆಗಾರ
ಸೋಮವಾರಪೇಟೆ ತಾಲ್ಲೂಕು, ಕೊಡಗು