ನವೆಂಬರ್ 2: ನಮ್ಮ ಸಿಸ್ಟರ್‌ಗಳಿಗಾಗಿ

ಎಲ್ಲರಿಗೂ ನಮಸ್ಕಾರ. ಸಕಲ ಮೃತರ ದಿನ ಹತ್ತಿರ ಬಂತು. ನಮ್ಮನ್ನು ನೋಡಿಕೊಂಡು ತೀರಿಹೋದ ಸಿಸ್ಟರ್‌ಗಳ, ಅಂದರೆ ಕ್ರೈಸ್ತ ಸನ್ಯಾಸಿನಿಯರ, ಹೆಸರಿನ ಪಟ್ಟಿ ಮಾಡ್ತಾ ಇದ್ದೇನೆ. ಚರ್ಚಿನ ಪೂಜೆಯಲ್ಲಿ ಓದೋಕೆ.

ಹೋದ ವರ್ಷ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಹೆಸರೇ ಬಿಟ್ಟುಹೋಗಿತ್ತು. ತಪ್ಪು ನನ್ನದೇ. ಪಾಠ ಹೇಳಿದವರು ಎಲ್ಲರಿಗೂ ನೆನಪಿರುತ್ತಾರೆ. ಮಳೆಯಲ್ಲಿ ನೆನೆದು ಬಂದಾಗ ಬಿಸಿ ಗಂಜಿ ಕೊಟ್ಟವರು ಮರೆತುಹೋಗ್ತಾರೆ, ಅಲ್ವಾ? ಹಾಗಾಗಿ ಹೊಲಿಗೆ ಕಲಿಸಿದವರು, ಹಾಸ್ಟೆಲ್ ನೋಡಿಕೊಂಡವರು, ಎಲ್ಲರ ಹೆಸರೂ ಕಳಿಸಿ. ಪೂರ್ತಿ ಹೆಸರು ಗೊತ್ತಿಲ್ಲದಿದ್ದರೆ ನಾವು ಕರೆಯುತ್ತಿದ್ದ ಹೆಸರಾದರೂ ಸಾಕು.

ಮದರ್ ವೆರೋನಿಕಾ ಅವರನ್ನೂ ಸೇರಿಸುತ್ತೇವೆ. 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಎಂಬ ಸನ್ಯಾಸಿನಿಯರ ಸಭೆ ಶುರು ಮಾಡಿದವರು ಅವರು. 1870ರಲ್ಲಿ ಅಲ್ಲಿಂದ ಹಡಗು ಹತ್ತಿ ಮಂಗಳೂರಿಗೆ ಬಂದ ಮೊದಲ ಸಿಸ್ಟರ್‌ಗಳನ್ನೂ ನೆನೆಯೋಣ. ಭಾಷೆ ಬಾರದ ಊರು, ಈ ಸೆಕೆ, ಈ ಮಳೆ. ಹೇಗೆ ಇದ್ದರೋ!

ಪೂಜೆ ಮುಗಿದ ಮೇಲೆ ಸಮಾಧಿಗಳ ಹತ್ತಿರ ಜಪಸರ. ಮೇಣದಬತ್ತಿ ತನ್ನಿ. ಪ್ಲಾಸ್ಟಿಕ್ ಹೂ ಬೇಡ, ಮನೆಯ ಸೇವಂತಿಗೆ ಇದ್ದರೆ ಚೆಂದ. ದೂರದಲ್ಲಿರುವವರು ಹೆಸರು ಮಾತ್ರ ಕಳಿಸಿ, ಅಕ್ಟೋಬರ್ 30ರ ಒಳಗೆ. ಹಳೇ ಫೋಟೋ ಇದ್ದರೆ ಇಲ್ಲೇ ಹಾಕಿ.